ಎರಡು ಗುಣಾಕಾರಗಳ ಚರಿತ್ರೆ: ಆನ್ ಆರ್ಬರ್, ಲೆಮಾಂಟ್, ಶಿಕಾಗೋ

ಶಿಕಾಗೋ ಮತ್ತು ಡೆಟ್ರಾಯಿಟ್ ಪ್ರದೇಶಗಳ ಕನ್ನಡ ಕುಟುಂಬಗಳಿಗೆ ಐ-94 ಹೆದ್ದಾರಿಯ ಪರಿಚಯ ಚೆನ್ನಾಗಿಯೇ ಇದೆ. ಇಲಿನಾಯ್‌ನ ವಿದ್ಯಾರಣ್ಯ ಕನ್ನಡ ಕೂಟದವರು ಮಿಷಿಗನ್ನಿನ ಪಂಪ ಕನ್ನಡ ಕೂಟದ ಬಂಧುಗಳನ್ನು ಕಾಣಲು ಹೊರಟರೂ, ಅಲ್ಲಿಯವರು ಇಲ್ಲಿಗೆ ಬಂದರೂ, ಹಾದಿ ಅದೇ. ಆ ಹಾದಿಯ ಎರಡು ತುದಿಗಳ ನಡುವೆ ಗಣಕ ವಿಜ್ಞಾನದ ಒಂದು ಅಧ್ಯಾಯ ಹರಡಿಕೊಂಡಿದೆ. ಒಂದು ಗಣಕ ಭಾಷೆಯಲ್ಲಿ ಕೂಡುವ ಚಿಹ್ನೆಗೆ, ಗುಣಿಸುವ ಚಿಹ್ನೆಗೆ ಅರ್ಥ ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆಯೇ ಆ ಅಧ್ಯಾಯದ ವಸ್ತು.

ಈ ಪ್ರಶ್ನೆ ಕೇವಲ ತಂತ್ರಜ್ಞರಿಗೆ ಸೇರಿದ್ದೆಂದು ಓದುಗರು ಭಾವಿಸಬಾರದು. ನಮ್ಮ ಕೂಟಗಳ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿಯೇ ಪೈಥಾನ್ ಭಾಷೆಯನ್ನು ಕಲಿಯುತ್ತಿದ್ದಾರೆ. ಹಿರಿಯರಲ್ಲಿ ಹಲವರು ಅದರಿಂದಲೇ ಜೀವನ ನಡೆಸುತ್ತಿದ್ದಾರೆ. ವೈದ್ಯವೃತ್ತಿಯಲ್ಲಿರುವ ನಾವಾದರೋ ಆ ಭಾಷೆಯನ್ನು ಮುಟ್ಟದೆಯೇ ಅದರ ಫಲವನ್ನು ಉಣ್ಣುತ್ತಿದ್ದೇವೆ. ರೋಗಚಿತ್ರಣದ ಸಂಶೋಧನೆಯಲ್ಲಿ ಇಂದು ಪೈಥಾನ್ ಸೋಕದ ಮೂಲೆ ಅಪರೂಪ.

ಒಂದು ಚಿತ್ರ, ಎರಡು ಗುಣಾಕಾರ

ಮೊದಲು ಪ್ರಶ್ನೆಯ ತೂಕವನ್ನು ತಿಳಿಯೋಣ. ಸಿ.ಟಿ. ಸ್ಕ್ಯಾನ್‌ನ ಒಂದು ಪದರವೆಂದರೆ ಗಣಕದ ದೃಷ್ಟಿಯಲ್ಲಿ ಅಂಕಿಗಳ ಒಂದು ಚೌಕ. ಸಾಮಾನ್ಯವಾಗಿ ಅದರಲ್ಲಿ 512 ಅಡ್ಡಸಾಲುಗಳೂ 512 ಕಂಬಸಾಲುಗಳೂ ಇರುತ್ತವೆ, ಅಂದರೆ ಒಟ್ಟು 2,62,144 ಅಂಕಿಗಳು. ಯಂತ್ರ ಉಳಿಸಿಟ್ಟ ಪ್ರತಿಯೊಂದು ಅಂಕಿಯನ್ನೂ ಒಂದು ಗುಣಕದಿಂದ ಗುಣಿಸಿ, ಮತ್ತೊಂದು ಅಂಕಿಯನ್ನು ಕೂಡಿದಾಗ ಹೌನ್ಸ್‌ಫೀಲ್ಡ್ ಮಾನ ದೊರೆಯುತ್ತದೆ. ಆ ಮಾನದಲ್ಲಿ ನೀರಿಗೆ 0, ಗಾಳಿಗೆ ಸುಮಾರು -1000. ಪೈಥಾನ್‌ನಲ್ಲಿ ಈ ಕೆಲಸವನ್ನು ‘ಚಿತ್ರ * ಗುಣಕ + ಕೂಡಿಕೆ’ ಎಂಬ ಒಂದೇ ಸಾಲಿನಲ್ಲಿ ಬರೆಯಬಹುದು. ಎರಡೂವರೆ ಲಕ್ಷಕ್ಕೂ ಮೀರಿದ ಗುಣಾಕಾರಗಳು ಆ ಒಂದು ನಕ್ಷತ್ರ ಚಿಹ್ನೆಯ ಹಿಂದೆ, ಸಿ ಭಾಷೆಯಲ್ಲಿ ಬರೆದ ಸಂಕೇತದೊಳಗೆ ನಡೆದುಹೋಗುತ್ತವೆ.

ಈಗ ಆ ಚಿತ್ರದಲ್ಲಿ ಯಕೃತ್ತಿನ ಭಾಗವನ್ನಷ್ಟೇ ಉಳಿಸಬೇಕೆಂದುಕೊಳ್ಳಿ. ಯಕೃತ್ತು ಇರುವಲ್ಲಿ 1, ಇಲ್ಲದೆಡೆ 0 ಇರುವ ಇನ್ನೊಂದು ಚೌಕವನ್ನು ಮಾಡಿ, ಎರಡನ್ನೂ ಸ್ಥಾನಕ್ಕೆ ಸ್ಥಾನ ಗುಣಿಸಿದರೆ ಸಾಕು. ಆದರೆ ಗಣಿತದಲ್ಲಿ ಇಂತಹ ಚೌಕಗಳಿಗೆ ಮತ್ತೊಂದು ಗುಣಾಕಾರವೂ ಉಂಟು. ಪದವಿಪೂರ್ವ ತರಗತಿಯಲ್ಲಿ ಮ್ಯಾಟ್ರಿಕ್ಸ್ ಎಂಬ ಹೆಸರಿನಿಂದ ಕಲಿತ ಮಾತೃಕೆಗಳ ಗುಣಾಕಾರವದು. ಒಂದರ ಅಡ್ಡಸಾಲನ್ನು ಇನ್ನೊಂದರ ಕಂಬಸಾಲಿನೊಡನೆ ಗುಣಿಸಿ ಮೊತ್ತ ತೆಗೆಯುವ ಕ್ರಮ. ಎರಡೂ ಚೌಕಗಳು 512 × 512 ಆಗಿದ್ದರೆ ಯಾವ ಗುಣಾಕಾರ ಮಾಡಿದರೂ ಉತ್ತರ 512 × 512 ಆಗಿಯೇ ಬರುತ್ತದೆ. ಗಣಕ ತಪ್ಪೆಂದು ಕೂಗುವುದಿಲ್ಲ, ನಿಲ್ಲುವುದೂ ಇಲ್ಲ. ಉತ್ತರ ಮಾತ್ರ ಅರ್ಥಹೀನ. ಆದುದರಿಂದ ಯಾವ ಚಿಹ್ನೆ ಯಾವ ಗುಣಾಕಾರಕ್ಕೆ ನಿಲ್ಲಬೇಕು ಎಂಬುದು ಶಿಷ್ಟಾಚಾರದ ಮಾತಲ್ಲ, ಸರಿತಪ್ಪಿನ ಮಾತು.

ಸಂಧಿಯ ನಿದರ್ಶನ

ಒಂದೇ ಚಿಹ್ನೆ ಬೇರೆಬೇರೆ ಕಡೆ ಬೇರೆಬೇರೆ ಕೆಲಸ ಮಾಡುವುದು ಕನ್ನಡಿಗರಿಗೆ ಹೊಸತಲ್ಲ. ಶಾಲೆಯ ವ್ಯಾಕರಣದಲ್ಲಿ ನಾವೆಲ್ಲರೂ ಕೂಡುವ ಚಿಹ್ನೆಯನ್ನು ಪದಗಳ ನಡುವೆ ಬರೆದವರೇ. ಊರು + ಅಲ್ಲಿ ಎಂದರೆ ‘ಊರಲ್ಲಿ’, ಅದು ಲೋಪ. ಮನೆ + ಅಲ್ಲಿ ಎಂದರೆ ‘ಮನೆಯಲ್ಲಿ’, ಅದು ಆಗಮ. ಮಳೆ + ಕಾಲ ಎಂದರೆ ‘ಮಳೆಗಾಲ’, ಅದು ಆದೇಶ. ಚಿಹ್ನೆ ಒಂದೇ. ಫಲವನ್ನು ನಿರ್ಣಯಿಸುವುದು ಅದರ ಎಡಬಲಗಳಲ್ಲಿರುವ ಪದಗಳ ಸ್ವಭಾವ.

ಇನ್ನೂ ಸೂಕ್ಷ್ಮವಾದ ಸಂದರ್ಭವೊಂದಿದೆ. ಎರಡೂ ಸಂಸ್ಕೃತ ಪದಗಳಾದರೆ ಸಂಸ್ಕೃತ ಸಂಧಿ: ದೇವ + ಆಲಯ ‘ದೇವಾಲಯ’ವಾಗುತ್ತದೆ. ಆದರೆ ಎರಡರಲ್ಲಿ ಒಂದು ಕನ್ನಡದ್ದಾದರೆ ಕನ್ನಡ ಸಂಧಿಯ ನಿಯಮವೇ ನಡೆಯುತ್ತದೆ: ಗುರು + ಅನ್ನು ‘ಗುರುವನ್ನು’ ಆಗುತ್ತದೆ. ಎರಡು ಬೇರೆ ಕುಲದ ಪದಗಳು ಎದುರುಬದುರಾದಾಗ ಯಾರ ವ್ಯಾಕರಣ ಮೇಲುಗೈ ಪಡೆಯಬೇಕೆಂಬುದನ್ನು ನಮ್ಮ ವೈಯಾಕರಣರು ಹೀಗೆ ನಿರ್ಧರಿಸಿಟ್ಟರು. ಗಣಕ ಭಾಷೆಗಳನ್ನು ಕಟ್ಟಿದವರೂ ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ಅದನ್ನು ಮೊದಮೊದಲು ಎದುರಿಸಿದವರಲ್ಲಿ ಕೆಲವರು ನಮ್ಮ ನೆರೆಯ ಆನ್ ಆರ್ಬರಿನವರು.

ಆನ್ ಆರ್ಬರಿನ ‘ಮ್ಯಾಡ್’

ಡೆಟ್ರಾಯಿಟ್ ಸೀಮೆ ಎಂದೊಡನೆ ಮೋಟಾರು ಕಾರುಗಳು ನೆನಪಾಗುವುದು ಸಹಜ. ಆದರೆ ಗಣಕದ ಆರಂಭಕಾಲದಲ್ಲಿಯೂ ಆ ಸೀಮೆಗೆ ಹಿರಿದಾದ ಸ್ಥಾನವಿತ್ತು. ಐಬಿಎಂ 704 ಯಂತ್ರಕ್ಕಾಗಿ 1956ರಲ್ಲಿ ಸಿದ್ಧವಾದ, ಮೊತ್ತಮೊದಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಒಂದೆಂದು ಎಣಿಸಲಾಗುವ ವ್ಯವಸ್ಥೆಯನ್ನು ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗವು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಯ ಜೊತೆಗೂಡಿ ರಚಿಸಿತು.

ಅದಾದ ಮೂರು ವರ್ಷಕ್ಕೆ, 1959ರಲ್ಲಿ, ಆನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬರ್ನಾರ್ಡ್ ಗ್ಯಾಲರ್, ಬ್ರೂಸ್ ಆರ್ಡೆನ್, ರಾಬರ್ಟ್ ಗ್ರಹಾಂ ಎಂಬ ಮೂವರು ಹೊಸ ಭಾಷೆಯೊಂದನ್ನು ರೂಪಿಸಿದರು. ಮಿಷಿಗನ್ ಅಲ್ಗಾರಿದಮ್ ಡಿಕೋಡರ್ ಎಂಬುದು ಅದರ ಪೂರ್ಣ ಹೆಸರು, ‘ಮ್ಯಾಡ್’ ಎಂಬುದು ಬಳಕೆಯ ಹೆಸರು. ಗ್ಯಾಲರ್ ಹುಟ್ಟಿದ್ದು 1928ರಲ್ಲಿ, ಶಿಕಾಗೋದಲ್ಲಿ. ಗಣಿತದಲ್ಲಿ ಡಾಕ್ಟರೇಟ್ ಪಡೆದದ್ದು ಶಿಕಾಗೋ ವಿಶ್ವವಿದ್ಯಾಲಯದಿಂದ. ಅಲ್ಲಿಂದ ಅವರು ಆನ್ ಆರ್ಬರಿಗೆ ಬಂದು ನೆಲೆಸಿದರು. ಭಾಷೆಗೆ ತಮಾಷೆಯ ಹೆಸರು ಬಿದ್ದ ಮೇಲೆ ತಮಾಷೆಯೂ ಜೊತೆಗೂಡಿತು. ಬರೆದ ಪ್ರೋಗ್ರಾಮಿನಲ್ಲಿ ತಪ್ಪುಗಳು ಮಿತಿಮೀರಿದರೆ ಆ ಕಾಲದ ಕಂಪೈಲರ್ ‘ಮ್ಯಾಡ್’ ಹಾಸ್ಯಪತ್ರಿಕೆಯ ಆಲ್‌ಫ್ರೆಡ್ ಇ. ನ್ಯೂಮನ್‌ನ ಮುಖವನ್ನು ಅಕ್ಷರಗಳಿಂದಲೇ ಚಿತ್ರಿಸಿ ಮುದ್ರಿಸುತ್ತಿತ್ತು.

ನಗೆಯಾಚೆಗೆ ಆ ಭಾಷೆಯಲ್ಲಿ ಗಂಭೀರವಾದ ಗುಣವೊಂದಿತ್ತು. ಭಾಷೆ ಕೊಟ್ಟ ಚಿಹ್ನೆಗಳಷ್ಟರಲ್ಲೇ ಬಳಕೆದಾರನು ತೃಪ್ತನಾಗಬೇಕಿರಲಿಲ್ಲ. ಎರಡು ಚುಕ್ಕೆಗಳ ನಡುವೆ ಹೆಸರೊಂದನ್ನು ಬರೆದು, ಅದು ಹೊಸ ಆಪರೇಟರ್, ಅಂದರೆ ಹೊಸ ಕ್ರಿಯಾಚಿಹ್ನೆ, ಎಂದು ಆತನು ಘೋಷಿಸಬಹುದಿತ್ತು. ಆ ಚಿಹ್ನೆಗೆ ಇರುವ ಚಿಹ್ನೆಗಳ ನಡುವೆ ಯಾವ ಪ್ರಾಶಸ್ತ್ಯ, ಅದರ ಎಡಕ್ಕೆ ಯಾವ ವಿಧದ ದತ್ತಾಂಶ ಬರಬಹುದು, ಬಲಕ್ಕೆ ಯಾವುದು, ಫಲ ಯಾವ ವಿಧದ್ದು ಎಂಬುದನ್ನೆಲ್ಲ ಆತನೇ ತಿಳಿಸಬೇಕಾಗಿತ್ತು. ಮಾತೃಕೆ, ಸಂಮಿಶ್ರ ಸಂಖ್ಯೆ, ಇಮ್ಮಡಿ ನಿಖರತೆಯ ಸಂಖ್ಯೆ ಇವುಗಳಿಗಾಗಿ ಸಿದ್ಧಪಡಿಸಿದ ವ್ಯಾಖ್ಯೆಗಳ ಮೂರು ಕಟ್ಟುಗಳೂ ದೊರೆಯುತ್ತಿದ್ದವು. ಬೇಕಾದವರು ಅವನ್ನು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುತ್ತಿದ್ದರು. ಭಾಷೆಯನ್ನು ಕಟ್ಟಿದವನ ಅಧಿಕಾರದಲ್ಲಿ ಒಂದಂಶವನ್ನು ಬಳಸುವವನಿಗೆ ಒಪ್ಪಿಸಿದ ಆರಂಭದ ಪ್ರಯತ್ನಗಳಲ್ಲಿ ಇದು ಎದ್ದು ಕಾಣುವಂಥದು.

ಮ್ಯಾಡ್ ಮಿಷಿಗನ್ನಿನ ಎಲ್ಲೆ ದಾಟಿ ಎಂಐಟಿಗೂ ಹೋಯಿತು. ಜೋಸೆಫ್ ವೈಜೆನ್‌ಬಾಮ್ ಅವರು 1966ರಲ್ಲಿ ಪ್ರಕಟಿಸಿದ, ಮನೋವೈದ್ಯರಂತೆ ಮಾತನಾಡುತ್ತಿದ್ದ ‘ಎಲೈಜಾ’ ಪ್ರೋಗ್ರಾಮು ಬರೆಯಲ್ಪಟ್ಟದ್ದು ಮ್ಯಾಡ್‌ಗೆ ಸೇರಿಸಿದ ಸ್ಲಿಪ್ ಎಂಬ ವಿಸ್ತರಣೆಯಲ್ಲಿ. ಇಂದು ಮಾತನಾಡುವ ಯಂತ್ರಗಳ ಬಗ್ಗೆ ಚರ್ಚಿಸುವವರು ಆ ಹಳೆಯ ಪ್ರೋಗ್ರಾಮನ್ನು ನೆನೆಯದೆ ಇರುವುದಿಲ್ಲ. ಅದರ ಬೇರು ಆನ್ ಆರ್ಬರಿನಲ್ಲಿದೆ ಎಂಬುದನ್ನು ನೆನೆಯುವವರು ಕಡಿಮೆ.

ಲೆಮಾಂಟಿನ ದೇಗುಲದ ನೆರೆಯಲ್ಲಿ

ಲೆಮಾಂಟಿನ ಹಿಂದೂ ದೇವಾಲಯಕ್ಕೆ ಹೋಗದ ಶಿಕಾಗೋ ಕನ್ನಡಿಗರು ವಿರಳ. ಆ ದೇವಾಲಯದಿಂದ ಅನತಿ ದೂರದಲ್ಲಿಯೇ ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯವಿದೆ. ಪರಮಾಣು ಸಂಶೋಧನೆಗೆ ಹೆಸರಾದ ಆ ಸ್ಥಳದಲ್ಲಿ 1970ರ ದಶಕದಲ್ಲಿ ಮಾತೃಕೆಗಳ ಲೆಕ್ಕಾಚಾರಕ್ಕೆಂದು ಐಸ್‌ಪ್ಯಾಕ್, ಲಿನ್‌ಪ್ಯಾಕ್ ಎಂಬ ಎರಡು ಸಂಕೇತಸಂಗ್ರಹಗಳು ರೂಪುಗೊಂಡವು. ಲಿನ್‌ಪ್ಯಾಕ್‌ನ ಕೈಪಿಡಿ 1979ರಲ್ಲಿ ಹೊರಬಂದಿತು. ಅದನ್ನು ರಚಿಸಿದವರು ಜ್ಯಾಕ್ ಡೊಂಗಾರ, ಜಿಮ್ ಬಂಚ್, ಕ್ಲೀವ್ ಮೋಲರ್, ಪೀಟ್ ಸ್ಟೀವರ್ಟ್. ಇವರಲ್ಲಿ ಡೊಂಗಾರ ಶಿಕಾಗೋದಲ್ಲಿಯೇ ಹುಟ್ಟಿ, ಶಿಕಾಗೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿಯೂ ಓದಿದವರು. 2021ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಈ ಸಂಗ್ರಹಗಳು ಫೋರ್ಟ್ರಾನ್ ಭಾಷೆಯಲ್ಲಿದ್ದವು. ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆಯೇ ಇವನ್ನು ಬಳಸಲೆಂದು, ಆಗ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿದ್ದ ಮೋಲರ್ ಮ್ಯಾಟ್‌ಲ್ಯಾಬ್ ಎಂಬ ಪುಟ್ಟ ಭಾಷೆಯನ್ನು ಕಟ್ಟಿದರು. ಅದರಲ್ಲಿ ನಕ್ಷತ್ರ ಚಿಹ್ನೆ ಮಾತೃಕಾ ಗುಣಾಕಾರಕ್ಕೆ ಮೀಸಲಾಯಿತು. ಸ್ಥಾನಕ್ಕೆ ಸ್ಥಾನ ಗುಣಿಸಬೇಕಾದರೆ ನಕ್ಷತ್ರದ ಹಿಂದೆ ಒಂದು ಚುಕ್ಕೆ. ಎರಡು ಗುಣಾಕಾರಗಳಿಗೆ ಎರಡು ಚಿಹ್ನೆಗಳು ದೊರೆತವು. ಎಂಜಿನಿಯರುಗಳು ಈ ಏರ್ಪಾಡಿಗೆ ಒಗ್ಗಿಕೊಂಡರು.

ಪೈಥಾನ್: ಖಾನೆಗಳ ಕಪಾಟು

1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಗೀಡೋ ವಾನ್ ರಾಸಮ್ ಆರಂಭಿಸಿದ ಪೈಥಾನ್ ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿತು. ಪೈಥಾನ್ ಒಂದು ಸ್ಕ್ರಿಪ್ಟಿಂಗ್ ಭಾಷೆ. ಬರೆಯಲು ಸುಲಭ, ಆದರೆ ಓಟದಲ್ಲಿ ನಿಧಾನ. ಅದರ ಒಡಲು ಸಿ ಭಾಷೆಯಲ್ಲಿದೆ. ವೇಗ ಬೇಕಾದವರು ಸಿ ಭಾಷೆಯಲ್ಲಿಯೇ ಹೊಸ ವಿಧವೊಂದನ್ನು ರಚಿಸಿ ಪೈಥಾನಿಗೆ ಜೋಡಿಸಬಹುದು. ಇಂತಹವುಗಳಿಗೆ ಎಕ್ಸ್‌ಟೆನ್ಷನ್ ಟೈಪ್ ಅಥವಾ ವಿಸ್ತರಣ ವಿಧ ಎಂದು ಹೆಸರು.

ಪೈಥಾನಿನಲ್ಲಿ ಪ್ರತಿಯೊಂದು ವಸ್ತುವೂ ತನ್ನ ವಿಧ ಯಾವುದೆಂಬ ಗುರುತನ್ನು ಹೊತ್ತಿರುತ್ತದೆ. ವಿಧವೆಂಬುದು ಸಿ ಭಾಷೆಯಲ್ಲಿ ಖಾನೆಗಳಿರುವ ಕಪಾಟಿನಂತೆ. ಅಂಕಗಣಿತಕ್ಕೆ ಸೇರಿದ ಖಾನೆಗಳ ಸಾಲಿನಲ್ಲಿ ಕೂಡುವುದಕ್ಕೆ ಒಂದು, ಕಳೆಯುವುದಕ್ಕೆ ಒಂದು, ಗುಣಿಸುವುದಕ್ಕೆ ಒಂದು ಹೀಗೆ ಗೊತ್ತಾದ ಸ್ಥಳಗಳಿವೆ. ವಿಧವನ್ನು ರಚಿಸುವವನು ತನಗೆ ಬೇಕಾದ ಖಾನೆಯಲ್ಲಿ ತಾನು ಬರೆದ ಕಾರ್ಯವಿಧಿಯ ವಿಳಾಸವನ್ನು ಇಡುತ್ತಾನೆ. ಬೇಡದ ಖಾನೆ ಬರಿದಾಗಿರುತ್ತದೆ. ಹೊಸ ಖಾನೆಯನ್ನು ಸೇರಿಸುವ ಅಧಿಕಾರ ಮಾತ್ರ ಆತನಿಗಿಲ್ಲ. ಮ್ಯಾಡ್ ಹೊಸ ಚಿಹ್ನೆಗಳಿಗೂ ಬಾಗಿಲು ತೆರೆದಿತ್ತು. ಪೈಥಾನ್ ಚಿಹ್ನೆಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡು, ಅವುಗಳ ಅರ್ಥವನ್ನಷ್ಟೇ ಬಿಟ್ಟುಕೊಟ್ಟಿತು. ಹೀಗೆ ಮಾಡಿದ್ದರಿಂದ ಒಬ್ಬರು ಬರೆದುದನ್ನು ಮತ್ತೊಬ್ಬರು ಓದುವಾಗ ಕಂಡರಿಯದ ಚಿಹ್ನೆಗಳು ಎದುರಾಗುವುದಿಲ್ಲ.

ಗಣಕವು ‘ಅ + ಆ’ ಎಂಬುದನ್ನು ಕಂಡಾಗ ನಡೆಯುವ ವಿಧಾನ ಇದು. ಮೊದಲು ಎಡಗಡೆಯ ವಸ್ತುವಿನ ವಿಧದ ಕಪಾಟನ್ನು ತೆರೆದು, ಕೂಡುವ ಖಾನೆಯಲ್ಲಿರುವ ಕಾರ್ಯವಿಧಿಯನ್ನು ಕರೆಯುತ್ತದೆ. ಆ ಕಾರ್ಯವಿಧಿಗೆ ಎದುರಿನ ವಸ್ತುವಿನ ಪರಿಚಯವಿಲ್ಲದಿದ್ದರೆ ಅದು ‘ನಾಟ್ ಇಂಪ್ಲಿಮೆಂಟೆಡ್’ ಎಂಬ ವಿಶೇಷ ವಸ್ತುವನ್ನು ಹಿಂದಿರುಗಿಸುತ್ತದೆ. ‘ನನಗೆ ತಿಳಿಯದು, ಬಲಗಡೆಯವರನ್ನು ವಿಚಾರಿಸಿ’ ಎಂಬುದು ಅದರ ತಾತ್ಪರ್ಯ. ಆಗ ಬಲಗಡೆಯ ವಿಧದ ಖಾನೆಯ ಸರದಿ. ಅದೂ ಕೈಚೆಲ್ಲಿದರೆ ಮಾತ್ರ ತಪ್ಪಿನ ಸಂದೇಶ. ಒಂದು ವಿನಾಯಿತಿಯೂ ಉಂಟು. ಬಲಗಡೆಯ ವಿಧವು ಎಡಗಡೆಯದರಿಂದಲೇ ಕವಲೊಡೆದು, ಕೂಡುವುದಕ್ಕೆ ತನ್ನದೇ ಕ್ರಮವನ್ನು ಹೊಂದಿದ್ದರೆ, ಮೊದಲ ಮಾತು ಅದರದೇ. ತಂದೆಗಿಂತ ಮಗನಿಗೆ ವಿಶೇಷ ವಿಷಯ ತಿಳಿದಿರಬಹುದೆಂಬ ತರ್ಕ.

ಸಿ ಭಾಷೆಯಲ್ಲಿ ಬರೆಯುವವರು ಎಚ್ಚರದಿಂದಿರಬೇಕಾದ ಅಂಶ ಇಲ್ಲಿದೆ. ಪೈಥಾನಿನಲ್ಲಿಯೇ ವಿಧವನ್ನು ಬರೆದರೆ ಎಡಗಡೆ ನಿಂತಾಗ ಒಂದು ಕಾರ್ಯವಿಧಿ, ಬಲಗಡೆ ನಿಂತಾಗ ಇನ್ನೊಂದು. ಸಿ ಭಾಷೆಯ ಖಾನೆಯಲ್ಲಿ ಎರಡಕ್ಕೂ ಕಾರ್ಯವಿಧಿ ಒಂದೇ. ಅದನ್ನು ಕರೆದಾಗ ನಮ್ಮ ವಿಧದ ವಸ್ತು ಎಡದಲ್ಲಿರಬಹುದು, ಬಲದಲ್ಲಿರಬಹುದು. ಎರಡನ್ನೂ ಪರೀಕ್ಷಿಸದೆ ಎಡಗಡೆಯದು ನಮ್ಮದೇ ಎಂದು ನಂಬಿ ಮುಂದುವರಿದರೆ, ಬೇರಾರದೋ ನೆನಪಿನಕೋಶವನ್ನು ತನ್ನದೆಂದು ಓದಿ ಪ್ರೋಗ್ರಾಮು ಕುಸಿದುಬೀಳುತ್ತದೆ. ಔಷಧ ಕೊಡುವ ಮೊದಲು ರೋಗಿಯ ಹೆಸರನ್ನೂ ಔಷಧದ ಹೆಸರನ್ನೂ ಎರಡೆರಡು ಬಾರಿ ನೋಡುವ ನಮ್ಮ ವೃತ್ತಿಯ ರೂಢಿಗೆ ಇದು ಸಮೀಪದ್ದು.

ಈ ಕ್ರಮ ಮೊದಲಿನಿಂದಲೂ ಹೀಗಿರಲಿಲ್ಲ. ಪೈಥಾನಿನ ಹಳೆಯ ಆವೃತ್ತಿಗಳಲ್ಲಿ, ಎರಡು ಬೇರೆ ವಿಧದ ವಸ್ತುಗಳು ಎದುರಾದರೆ ಮೊದಲು ಎರಡನ್ನೂ ಒಂದೇ ವಿಧಕ್ಕೆ ಪರಿವರ್ತಿಸಲು ಯತ್ನಿಸಲಾಗುತ್ತಿತ್ತು. ಪೂರ್ಣಾಂಕವನ್ನು ದಶಾಂಶವಾಗಿಸುವಂತಹ ಸಂದರ್ಭಗಳಿಗೆ ಅದು ಸಾಕು. ಆದರೆ ದಿನಾಂಕವನ್ನೂ ಅವಧಿಯನ್ನೂ ಕೂಡುವಾಗ ಏನು ಮಾಡುವುದು? ಜನವರಿ 10ಕ್ಕೆ ಐದು ದಿನ ಕೂಡಿದರೆ ಜನವರಿ 15. ದಿನಾಂಕವೂ ಐದು ದಿನವೂ ಒಂದೇ ವಿಧವಲ್ಲ, ಒಂದನ್ನು ಇನ್ನೊಂದಾಗಿಸುವುದರಲ್ಲಿ ಅರ್ಥವೂ ಇಲ್ಲ. 2001ರಲ್ಲಿ ಬಂದ ಪೈಥಾನ್ 2.1 ಆವೃತ್ತಿಯಲ್ಲಿ ಈ ಕಟ್ಟಳೆಯನ್ನು ಸಡಿಲಿಸಲಾಯಿತು. ನೀಲ್ ಶೆಮೆನಾವರ್ ಮತ್ತು ಮಾರ್ಕ್-ಆಂಡ್ರೆ ಲೆಂಬುರ್ಗ್ ಮಂಡಿಸಿದ ಪ್ರಸ್ತಾವದಂತೆ, ವಸ್ತುಗಳನ್ನು ಇದ್ದಂತೆಯೇ ಖಾನೆಯ ಕಾರ್ಯವಿಧಿಗೆ ಒಪ್ಪಿಸುವ ಪದ್ಧತಿ ಜಾರಿಗೆ ಬಂದಿತು.

ಶಿಕಾಗೋದ ಇಬ್ಬರು

ಪೈಥಾನಿಗೆ ಅಂಕಿಚೌಕಗಳನ್ನು ತಂದ ಕೆಲಸ 1995ರಲ್ಲಿ ಮೊದಲಾಯಿತು. ಆಗ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದ ಜಿಮ್ ಹ್ಯೂಗನಿನ್ ಹಲವರ ಸಲಹೆಗಳೊಡನೆ ‘ನ್ಯೂಮೆರಿಕ್’ ಎಂಬ ಸಿ ವಿಸ್ತರಣೆಯನ್ನು ಬರೆದರು. ಅದರಲ್ಲಿ ನಕ್ಷತ್ರ ಚಿಹ್ನೆ ಸ್ಥಾನಕ್ಕೆ ಸ್ಥಾನ ಗುಣಾಕಾರಕ್ಕೆ ಸಂದಿತು. ಮಾತೃಕಾ ಗುಣಾಕಾರಕ್ಕೆ ಚಿಹ್ನೆ ಉಳಿಯಲಿಲ್ಲ. ‘ಡಾಟ್’ ಎಂಬ ಹೆಸರಿನ ಕಾರ್ಯವಿಧಿಯನ್ನು ಕರೆಯಬೇಕಾಯಿತು.

ಅದೇ ಕಾಲದಲ್ಲಿ ಸಿ ಭಾಷೆಗೂ ಸ್ಕ್ರಿಪ್ಟಿಂಗ್ ಭಾಷೆಗಳಿಗೂ ಸೇತುವೆ ಕಟ್ಟುವ ಬೇಸರದ ದುಡಿಮೆಯನ್ನು ಯಂತ್ರಕ್ಕೇ ಒಪ್ಪಿಸಿದವರು ಡೇವಿಡ್ ಬೀಜ್ಲಿ. ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿದ್ದಾಗ 1995ರಲ್ಲಿ ಆರಂಭಿಸಿದ ಅವರ ‘ಸ್ವಿಗ್’ ಎಂಬ ಉಪಕರಣವು ಸಿ ಭಾಷೆಯ ಘೋಷಣೆಗಳನ್ನು ಓದಿ, ಪೈಥಾನ್ ಮೊದಲಾದ ಭಾಷೆಗಳಿಗೆ ಬೇಕಾದ ಜೋಡಣೆಯ ಸಂಕೇತವನ್ನು ತಾನೇ ಬರೆದುಕೊಡುತ್ತದೆ. ಬೀಜ್ಲಿ ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದು, ಆನಂತರವೂ ಶಿಕಾಗೋದಲ್ಲಿಯೇ ಪೈಥಾನ್ ಬೋಧಿಸುತ್ತ ಪ್ರಸಿದ್ಧರಾದರು.

ಎರಡನೆಯವರು ಜಾನ್ ಹಂಟರ್. ಅವರ ವೃತ್ತಾಂತವನ್ನು ತುಸು ವಿಸ್ತಾರವಾಗಿ ಹೇಳುವುದು ಉಚಿತ. ಹಂಟರ್ ಶಿಕಾಗೋ ವಿಶ್ವವಿದ್ಯಾಲಯದ ನರಜೀವಶಾಸ್ತ್ರಜ್ಞರು. ಅಪಸ್ಮಾರದ ರೋಗಿಗಳ ಮಿದುಳಿನ ಮೇಲ್ಮೈಯಿಂದ ನೇರವಾಗಿ ದಾಖಲಿಸಿದ ವಿದ್ಯುತ್ ಸಂಕೇತಗಳ ವಿಶ್ಲೇಷಣೆ ಅವರ ಕೆಲಸ. ಸೆಳವು ಎಲ್ಲಿಂದ ಹುಟ್ಟುತ್ತಿದೆ ಎಂದು ತಿಳಿಯುವುದಕ್ಕೆ ಈ ದಾಖಲೆಗಳು ಮುಖ್ಯ. ಆ ಗುಂಪಿನಲ್ಲಿ ವಿಶ್ಲೇಷಣೆಗೆ ಕೊಂಡ ತಂತ್ರಾಂಶದ ಪರವಾನಗಿ ಒಂದೇ ಇತ್ತು. ಎಲ್ಲರೂ ಸರದಿಯಲ್ಲಿ ಬಳಸಬೇಕಾಗಿತ್ತು. ಹಂಟರ್ ಮೊದಲು ಮ್ಯಾಟ್‌ಲ್ಯಾಬಿನಲ್ಲಿ ಅದಕ್ಕೆ ಬದಲಿಯನ್ನು ಕಟ್ಟಿದರು. ದತ್ತಾಂಶ ಬೆಳೆದಂತೆ ಅದೂ ಸಾಲದಾಗಿ ಪೈಥಾನಿಗೆ ಬಂದರು. ಅಲ್ಲಿ ಮ್ಯಾಟ್‌ಲ್ಯಾಬಿನಂತೆ ರೇಖಾಚಿತ್ರಗಳನ್ನು ಬರೆಯುವ ಸಾಧನ ಇರಲಿಲ್ಲವಾಗಿ ಅದನ್ನೂ ತಾವೇ ರಚಿಸಿ, 2003ರಲ್ಲಿ ‘ಮ್ಯಾಟ್‌ಪ್ಲಾಟ್‌ಲಿಬ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಿದರು.

ಆನಂತರ ಅವರು ಶಿಕಾಗೋದ ಹಣಕಾಸು ಸಂಸ್ಥೆಯೊಂದರಲ್ಲಿ ಉದ್ಯೋಗಕ್ಕೆ ಸೇರಿದರೂ ಮ್ಯಾಟ್‌ಪ್ಲಾಟ್‌ಲಿಬ್‌ನ ಹೊಣೆಯನ್ನು ಬಿಡಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳನ ಮೇಲೆ ಇಳಿದಾಗ ನಾಸಾದವರು ಅಂಕಿಅಂಶಗಳನ್ನು ನೋಡಿದ್ದು ಇದರ ಸಹಾಯದಿಂದ. 2012ರ ಜುಲೈ ತಿಂಗಳಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಡೆದ ಸೈಪೈ ಸಮ್ಮೇಳನದಲ್ಲಿ ಹಂಟರ್ ಪ್ರಧಾನ ಭಾಷಣ ಮಾಡಿದರು. ಹಿಂದಿರುಗಿದ ಮೇಲೆ ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯ ತೊಡಕುಗಳಿಂದ ಅದೇ ಆಗಸ್ಟ್ 28ರಂದು ತೀರಿಕೊಂಡರು. ಆಗ ಅವರಿಗೆ 44 ವರ್ಷ. ಪತ್ನಿ ಮತ್ತು ಮೂವರು ಹೆಣ್ಣುಮಕ್ಕಳನ್ನು ಅಗಲಿದರು. ನಾವು ಹೆಚ್ಚುಕಡಿಮೆ ಅದೇ ವಯಸ್ಸಿನವರು. ಇಂತಹ ರೋಗಪತ್ರಗಳನ್ನು ಓದುವುದು ವೃತ್ತಿಯೇ ಆಗಿದ್ದರೂ ಈ ಕೆಲವು ಸಾಲುಗಳನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ.

ಹಂಟರರ ಸಮಕಾಲೀನರಾದ ಟ್ರಾವಿಸ್ ಒಲಿಫೆಂಟರೂ ವೈದ್ಯಕೀಯ ಚಿತ್ರಣದಿಂದಲೇ ಬಂದವರು. ಮಿನ್ನೆಸೋಟದ ಮೇಯೋ ಕ್ಲಿನಿಕ್‌ನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಸಂಶೋಧನೆ ಮಾಡುತ್ತಿದ್ದಾಗ ಅವರು ಪೈಥಾನಿನ ಅಂಕಿಚೌಕಗಳತ್ತ ತಿರುಗಿದರು. ನ್ಯೂಮೆರಿಕ್ ಮತ್ತು ಅದರ ಪ್ರತಿಸ್ಪರ್ಧಿಯಾಗಿದ್ದ ‘ನಮ್‌ಅರೇ’ ಎಂಬ ಎರಡು ವಿಸ್ತರಣೆಗಳಿಂದಾಗಿ ಬಳಗ ಇಬ್ಭಾಗವಾಗಿತ್ತು. 2005ರಲ್ಲಿ ಒಲಿಫೆಂಟ್ ಎರಡನ್ನೂ ಒಂದುಗೂಡಿಸಲು ತೊಡಗಿ, 2006ರಲ್ಲಿ ‘ನಮ್‌ಪೈ’ನ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು. ಇಂದು ಪೈಥಾನಿನ ವೈಜ್ಞಾನಿಕ ಬಳಕೆಯೆಲ್ಲ ನಿಂತಿರುವುದು ಈ ಅಡಿಪಾಯದ ಮೇಲೆ.

ಕಾದು ಕುಳಿತ ಚಿಹ್ನೆ

ಇಷ್ಟೆಲ್ಲ ಆದರೂ ಎರಡನೆಯ ಗುಣಾಕಾರಕ್ಕೆ ಚಿಹ್ನೆ ದೊರೆತಿರಲಿಲ್ಲ. 2000ನೇ ಇಸವಿಯಲ್ಲಿಯೇ ಎರಡು ಪ್ರಸ್ತಾವಗಳು ಬಂದಿದ್ದವು. ಒಂದು ಎಲ್ಲ ಚಿಹ್ನೆಗಳಿಗೂ ಅಲೆಗೆರೆಯ ಜೋಡಿ ಚಿಹ್ನೆಗಳನ್ನು ಬಯಸಿತು, ಇನ್ನೊಂದು @ ಗುರುತನ್ನು ಹೊಸ ಕ್ರಿಯಾಚಿಹ್ನೆಯಾಗಿ ಸೂಚಿಸಿತು. ಎರಡೂ ಅಂಗೀಕಾರ ಪಡೆಯಲಿಲ್ಲ. ಕೆಲವರು ಉಪಾಯ ಹುಡುಕಿದರು. ನಮ್‌ಪೈನಲ್ಲಿಯೇ ‘ಮ್ಯಾಟ್ರಿಕ್ಸ್’ ಎಂಬ ಪ್ರತ್ಯೇಕ ವಿಧವಿದ್ದು, ಅದರಲ್ಲಿ ನಕ್ಷತ್ರ ಚಿಹ್ನೆ ಮಾತೃಕಾ ಗುಣಾಕಾರ ಮಾಡುತ್ತಿತ್ತು.

ಈ ಉಪಾಯ ಗೊಂದಲವನ್ನು ಹೆಚ್ಚಿಸಿತು. ಒಂದೇ ಸಾಲಿನ ಸಂಕೇತಕ್ಕೆ ಸಾಮಾನ್ಯ ಚೌಕ ಬಂದರೆ ಒಂದು ಅರ್ಥ, ಮ್ಯಾಟ್ರಿಕ್ಸ್ ವಿಧದ ಚೌಕ ಬಂದರೆ ಇನ್ನೊಂದು. ಓದುವವನಿಗೆ ಯಾವುದು ಬರುತ್ತದೆಂದು ಮುಂಚಿತವಾಗಿ ತಿಳಿಯದು. ಮೇಲೆ ಹೇಳಿದ 512 × 512ರ ಮೌನವಾದ ತಪ್ಪು ನುಸುಳುವುದು ಇಂತಹ ಸಂದಿಯಲ್ಲಿಯೇ. ‘ಡಾಟ್’ ಕಾರ್ಯವಿಧಿಯನ್ನೇ ಬಳಸಿದವರ ಸೂತ್ರಗಳಾದರೋ ಆವರಣ ಚಿಹ್ನೆಗಳ ಒಳಗೆ ಆವರಣ ಚಿಹ್ನೆಗಳಾಗಿ, ಪಠ್ಯಪುಸ್ತಕದ ಸೂತ್ರದೊಡನೆ ಹೋಲಿಸಿ ನೋಡಲಾಗದ ಸ್ಥಿತಿಗೆ ಬಂದವು.

2014ರಲ್ಲಿ ನಥಾನಿಯಲ್ ಸ್ಮಿತ್ 465ನೇ ಸಂಖ್ಯೆಯ ಪ್ರಸ್ತಾವವನ್ನು ಮಂಡಿಸಿದರು. ಅವರ ವಾದ ಸರಳವಾಗಿತ್ತು. ಹಿಂದಿನವರು ಕೇಳಿದಂತೆ ಚಿಹ್ನೆಗಳ ಸಾಲನ್ನೇ ಕೇಳದೆ ಒಂದೇ ಒಂದು ಚಿಹ್ನೆಯನ್ನು ಕೇಳಿದರು. ಮಾತೃಕಾ ಗುಣಾಕಾರವು ಅನೇಕ ವಿದ್ಯಾಶಾಖೆಗಳಲ್ಲಿ ನಿತ್ಯ ಬಳಕೆಯಲ್ಲಿದೆ, ಅದು ಬಿಟ್ಟರೆ ಹೊಸ ಚಿಹ್ನೆ ಬೇಡುವ ಮತ್ತೊಂದು ಕ್ರಿಯೆ ಇಲ್ಲ ಎಂದು ನಿದರ್ಶನಗಳೊಡನೆ ತೋರಿಸಿದರು. ಗೀಡೋ ಒಪ್ಪಿದರು. 2015ರ ಸೆಪ್ಟೆಂಬರಿನಲ್ಲಿ ಬಂದ ಪೈಥಾನ್ 3.5 ಆವೃತ್ತಿಯಲ್ಲಿ @ ಗುರುತು ಕ್ರಿಯಾಚಿಹ್ನೆಯಾಯಿತು. ಸಿ ಭಾಷೆಯ ಕಪಾಟಿನಲ್ಲಿ ಮಾತೃಕಾ ಗುಣಾಕಾರಕ್ಕೆಂದು ಹೊಸ ಖಾನೆ ಸೇರಿತು.

ಅಂದು ಭಾಷೆಯೊಳಗಿನ ಯಾವ ವಿಧವೂ ಆ ಖಾನೆಯನ್ನು ತುಂಬಲಿಲ್ಲ. ಪೂರ್ಣಾಂಕಕ್ಕೂ ದಶಾಂಶಕ್ಕೂ ಪಟ್ಟಿಗೂ @ ಚಿಹ್ನೆ ವ್ಯರ್ಥ. ಹೊರಗಿನವರು ಬರೆಯುವ ವಿಸ್ತರಣ ವಿಧಗಳಿಗಾಗಿಯೇ ಭಾಷೆಯು ತನ್ನ ಮನೆಯಲ್ಲಿ ಒಂದು ಜಾಗ ಮಾಡಿಕೊಟ್ಟಿತು. ಆನ್ ಆರ್ಬರಿನ ಮೂವರು 1959ರ ಭಾಷೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಕೊಟ್ಟಿದ್ದ ಸ್ವಾತಂತ್ರ್ಯವನ್ನು ಪೈಥಾನ್ ಕೊಡಲಿಲ್ಲವಾದರೂ, ಮಾತೃಕೆಗಳನ್ನು ಬಳಸುವ ಬಳಗವು ಒಟ್ಟಾಗಿ ಬಂದು ಕೇಳಿದಾಗ ಇಲ್ಲವೆನ್ನಲಿಲ್ಲ.

ನಮ್ಮ ಮಕ್ಕಳಿಗೊಂದು ಅಭ್ಯಾಸ

ಈ ಚರಿತ್ರೆಯನ್ನು ಓದಿ ಮುಗಿಸುವುದಕ್ಕಿಂತ ಕೈಯಿಂದ ಮಾಡಿ ನೋಡುವುದು ಲೇಸು. ಪೈಥಾನ್ ಕಲಿಯುತ್ತಿರುವ ಮಕ್ಕಳಿಗೆ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ‘ಊರು’, ‘ಅಲ್ಲಿ’ ಎಂಬ ಎರಡು ಪದಗಳನ್ನು ಪೈಥಾನಿನಲ್ಲಿ ಹಾಗೆಯೇ ಕೂಡಿದರೆ ‘ಊರುಅಲ್ಲಿ’ ಎಂದು ಬರುತ್ತದೆ, ಏಕೆಂದರೆ ಅಕ್ಷರಮಾಲೆಗಳ ವಿಧಕ್ಕೆ ಕೂಡುವುದೆಂದರೆ ಪಕ್ಕಪಕ್ಕ ಇಡುವುದಷ್ಟೇ. ‘ಪದ’ ಎಂಬ ಹೊಸ ವಿಧವನ್ನು ರಚಿಸಿ, ಅದರ ಕೂಡುವ ಕಾರ್ಯವಿಧಿಯಲ್ಲಿ ಸಂಧಿಯ ನಿಯಮವನ್ನು ಬರೆಯಲಿ. ಯೂನಿಕೋಡಿನಲ್ಲಿ ‘ರು’ ಎಂಬುದು ‘ರ’ ಮತ್ತು ಉಕಾರದ ಕೊಂಬು ಎಂಬ ಎರಡು ಸಂಕೇತಗಳು. ಮೊದಲ ಪದದ ಕಡೆಯ ಸಂಕೇತವನ್ನೂ ಎರಡನೆಯ ಪದದ ಮೊದಲ ಸಂಕೇತವಾದ ‘ಅ’ವನ್ನೂ ತೆಗೆದು ಜೋಡಿಸಿದರೆ ‘ಊರಲ್ಲಿ’ ಎಂಬುದು ತಾನಾಗಿ ಮೂಡುತ್ತದೆ. ಮೊದಲ ಪದ ಎಕಾರದಲ್ಲಿ ಮುಗಿದಿದ್ದರೆ ಯಕಾರವನ್ನು ನಡುವೆ ತರಬೇಕು. ಕ, ತ, ಪಗಳು ಗ, ದ, ಬಗಳಾಗುವ ಆದೇಶಕ್ಕೆ ಬಂದಾಗ ಕೆಲಸ ಕಠಿಣವಾಗುತ್ತದೆ. ಅದು ಎಲ್ಲಿ ಆಗಬೇಕು, ಎಲ್ಲಿ ಆಗಬಾರದು ಎಂಬುದಕ್ಕೆ ಪದಗಳ ರೂಪವಷ್ಟೇ ಸಾಲದು, ಅವುಗಳ ನಡುವಣ ಸಂಬಂಧವೂ ತಿಳಿಯಬೇಕು. ನಿಯಮ ತಿಳಿಯದೆಡೆ ‘ನಾಟ್ ಇಂಪ್ಲಿಮೆಂಟೆಡ್’ ಎಂದು ಹಿಂದಿರುಗಿಸುವುದೇ ಪ್ರಾಮಾಣಿಕತೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಎಷ್ಟು ಸೂಕ್ಷ್ಮವಾದ ಕೆಲಸ ಮಾಡಿದ್ದನೆಂಬುದು ಆಗ ಮಕ್ಕಳಿಗೆ ಹೇಳದೆಯೇ ಅರಿವಾಗುತ್ತದೆ. ಕನ್ನಡ ಕಲಿಸುವ ನಮ್ಮ ಸ್ವಯಂಸೇವಕ ಶಿಕ್ಷಕರು ಇದನ್ನು ತರಗತಿಯಲ್ಲಿ ಪ್ರಯೋಗಿಸಿದರೆ ಸಂತೋಷ.

ಕಡೆಯದಾಗಿ ಹಿರಿಯರಿಗೆ ಒಂದು ಮಾತು. ನ್ಯೂಮೆರಿಕ್, ಸ್ವಿಗ್, ಮ್ಯಾಟ್‌ಪ್ಲಾಟ್‌ಲಿಬ್, ನಮ್‌ಪೈ ಇವೆಲ್ಲ ಹಣಕ್ಕೆ ಮಾರಿದ ವಸ್ತುಗಳಲ್ಲ. ಬರೆದವರು ಇವನ್ನು ಎಲ್ಲರ ಕೈಗೂ ಬಿಟ್ಟುಕೊಟ್ಟರು. ಉದ್ಯೋಗ, ಅಧ್ಯಯನ, ಸಂಸಾರಗಳ ನಡುವೆ ಉಳಿದ ಸಂಜೆಗಳು ಇವಕ್ಕೆ ಸಂದವು. ಹಂಟರ್ ಬದುಕಿದ್ದಾಗಲೇ, 2012ರಲ್ಲಿ, ಅವರೂ ಒಲಿಫೆಂಟರೂ ಸೇರಿದಂತೆ ಕೆಲವರು ಈ ಕೆಲಸಗಳನ್ನು ಪೋಷಿಸಲು ‘ನಮ್‌ಫೋಕಸ್’ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿದರು. ಯುಗಾದಿಗೆ ಸಭಾಂಗಣ ಗೊತ್ತುಮಾಡುವುದು, ಊಟದ ಎಲೆ ಎಣಿಸುವುದು, ಲೆಕ್ಕಪತ್ರ ಒಪ್ಪಿಸುವುದು ಇವೆಲ್ಲ ಕೆಲವೇ ಕೆಲವರ ಹೆಗಲ ಮೇಲೆ ಬೀಳುವುದನ್ನು ನಮ್ಮ ಕೂಟಗಳ ಸದಸ್ಯರು ಬಲ್ಲರು. ಆ ಹೆಗಲುಗಳು ದಣಿದರೆ ಏನಾಗುತ್ತದೆಂಬುದನ್ನೂ ಬಲ್ಲರು. ಮಗಳು ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ವಿಜ್ಞಾನಮೇಳಕ್ಕೆ ಚಿತ್ರ ಬಿಡಿಸುತ್ತಿದ್ದರೆ, ಅದನ್ನು ಮೊದಲು ಬರೆದ ಮನುಷ್ಯನು ನಮ್ಮದೇ ಊರಿನ ಹೈಡ್ ಪಾರ್ಕಿನಲ್ಲಿ ಅಪಸ್ಮಾರದ ರೋಗಿಗಳಿಗಾಗಿ ದುಡಿಯುತ್ತಿದ್ದನೆಂದು ಒಮ್ಮೆ ಆಕೆಗೆ ಹೇಳಿರಿ.